ಸ್ಫೋಟವೆಂದರೇನು?

ದಿನಪತ್ರಿಕೆಯನ್ನು ಓದುವವರಿಗೆ ‘ಸ್ಫೋಟ’ ಎಂಬ ಮಾತು ಕಣ್ಣಿಗೆ ಬೀಳದ ವಾರವಿಲ್ಲ. ಕಲ್ಲುಗಣಿಯಲ್ಲಿ ಸ್ಫೋಟ, ಅಡುಗೆಮನೆಯಲ್ಲಿ ಸಿಲಿಂಡರ್ ಸ್ಫೋಟ, ಹಿಮಾಲಯದ ಕಣಿವೆಯಲ್ಲಿ ಮೇಘಸ್ಫೋಟ, ಸಂಪಾದಕೀಯದಲ್ಲಿ ಜನಸಂಖ್ಯಾಸ್ಫೋಟ. ವಿಜ್ಞಾನದ ಅಂಕಣಕ್ಕೆ ಬಂದರೆ ವಿಶ್ವದ ಆದಿಯ ಮಹಾಸ್ಫೋಟ. ಈ ಐದರಲ್ಲಿ ಮದ್ದು ಇರುವುದು ಮೊದಲನೆಯದರಲ್ಲಿ ಮಾತ್ರ. ಎರಡನೆಯದರಲ್ಲಿ ಬಹುಪಾಲು ಸಲ ಸಿಲಿಂಡರು ಸಿಡಿದಿರುವುದೇ ಇಲ್ಲ. ಉಳಿದ ಮೂರರಲ್ಲಿ ಯಾವುದೂ ಒಡೆಯುವುದಿಲ್ಲ. ಭೌತವಿಜ್ಞಾನವನ್ನು ಪಾಠ ಹೇಳುವ ನಮ್ಮಂಥವರಿಗೆ ಇದೊಂದು ದಿನನಿತ್ಯದ ಇಕ್ಕಟ್ಟು. ಹೆಸರನ್ನು ನಂಬಿ ಅಪಾಯವಿಲ್ಲದ ಕಡೆ ಎಚ್ಚರ ವಹಿಸಿ, ಅಪಾಯವಿರುವ ಕಡೆ ಮೈಮರೆಯುವವರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ, ಈ ಪದವಿಚಾರವನ್ನು ವಾಚಕರು ಪಂಡಿತರ ಜಗಳವೆಂದು ಭಾವಿಸಬಾರದಾಗಿ ಬೇಡಿಕೊಳ್ಳುತ್ತೇವೆ.

ಪತ್ರಿಕೆಯ ಭಾಷೆಯನ್ನು ಬಿಟ್ಟು ಊರಿನ ಮಾತಿಗೆ ಬಂದರೆ ಸ್ಥಿತಿ ಬೇರೆ. ಗದಗ ಜಿಲ್ಲೆಯ ಪುರ್ತಗೇರಿಯ ಕಡೆಯ ಆಡುಮಾತನ್ನೇ ತೆಗೆದುಕೊಳ್ಳೋಣ. ಗಜೇಂದ್ರಗಡದ ಕೋಟೆಗುಡ್ಡದ ಸೀಮೆಗೆ ಸೇರಿದ ಈ ಊರು ಹಿಂದೆ ರೋಣ ತಾಲ್ಲೂಕಿನಲ್ಲಿದ್ದು, ಈಗ ಗಜೇಂದ್ರಗಡ ತಾಲ್ಲೂಕಿನಲ್ಲಿದೆ. ಈ ಭಾಗದ ರೈತನ ಬಾಯಲ್ಲಿ ಹತ್ತಿಯ ಕಾಯಿ ಒಡೆಯುತ್ತದೆ, ಮೊಗ್ಗು ಬಿರಿಯುತ್ತದೆ, ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿಯುತ್ತದೆ, ಪಂಚಮಿ ಹಬ್ಬಕ್ಕೆ ಹುರಿದ ಜೋಳ ಅಳ್ಳಾಗುತ್ತದೆ. ಟ್ರ್ಯಾಕ್ಟರಿನ ಟಾಯರು ಢಂ ಎಂದು ಒಡೆಯುತ್ತದೆ. ಬಾವಿಯಲ್ಲಿ ಅಡ್ಡ ಬಂದ ಬಂಡೆಯನ್ನು ಹಾರಿಸುತ್ತಾರೆ. ಬಣವೆಗೆ ಬೆಂಕಿ ತಗುಲಿದರೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ಜಾತ್ರೆಯಲ್ಲಿ ಮದ್ದು ಸುಡುತ್ತಾರೆ. ಇಷ್ಟು ಕ್ರಿಯಾಪದಗಳಿರುವ ಭಾಷೆಯಲ್ಲಿ ನಾವು ಓದುಬರೆಹ ಕಲಿತವರು ಎಲ್ಲವನ್ನೂ ಒಂದೇ ‘ಸ್ಫೋಟ’ದ ಮೂಟೆಗೆ ತುಂಬಿದ್ದೇವೆ. ಆ ಮೂಟೆಯನ್ನು ಬಿಚ್ಚಿ, ಒಳಗಿನ ಸಾಮಾನುಗಳನ್ನು ಬೇರೆ ಬೇರೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಪದದ ಹುಟ್ಟು. ಸಂಸ್ಕೃತದ ‘ಸ್ಫುಟ್’ ಧಾತುವಿಗೆ ಬಿರಿ, ಒಡೆ, ಅರಳು ಎಂಬ ಅರ್ಥಗಳು ಸೇರಿಯೇ ಇವೆ. ಹೂವು ಅರಳುವುದೂ ಗಡಿಗೆ ಒಡೆಯುವುದೂ ಅದಕ್ಕೆ ಒಂದೇ. ಮುಚ್ಚಿದ್ದುದು ತೆರೆದು ತೋರುವುದರಿಂದ ‘ಸ್ಫುಟ’ ಎಂದರೆ ಸ್ಪಷ್ಟವಾದುದು ಎಂದಾಯಿತು. ಸ್ಫುಟವಾಗಿ ಮಾತನಾಡು ಎನ್ನುವಾಗ ನಾವು ಬಳಸುವುದು ಸ್ಫೋಟದ ಸೋದರಪದವನ್ನೇ! ವ್ಯಾಕರಣಶಾಸ್ತ್ರದಲ್ಲಿ ಭರ್ತೃಹರಿಯು ವಿಸ್ತರಿಸಿದ ‘ಸ್ಫೋಟ’ವು ಕಿವಿಗೆ ಬಿದ್ದ ಧ್ವನಿಗಳಿಂದ ಅರ್ಥವು ಮನಸ್ಸಿನಲ್ಲಿ ಒಮ್ಮೆಗೇ ಹೊಳೆಯುವ ತತ್ತ್ವ. ಆಯುರ್ವೇದದಲ್ಲಿ ‘ವಿಸ್ಫೋಟ’ವೆಂದರೆ ಮೈಮೇಲೆ ಏಳುವ ಗುಳ್ಳೆಗಳ ರೋಗ. ಜಟ್ಟಿಗಳು ತೋಳು ತಟ್ಟಿ ಸದ್ದು ಮಾಡುವುದು ‘ಆಸ್ಫೋಟನ’. ಇವುಗಳಲ್ಲಿ ಎಲ್ಲಿಯೂ ಬೆಂಕಿಯಿಲ್ಲ, ಮದ್ದಿಲ್ಲ. ಈ ಪದಗಳು ಹುಟ್ಟಿದ ಕಾಲದಲ್ಲಿ ಸಿಡಿಮದ್ದೇ ಇರಲಿಲ್ಲ. ಮದ್ದಿನ ಅರ್ಥವು ಈ ಪದಕ್ಕೆ ತೀರ ಈಚೆಗೆ ಹತ್ತಿದ ಬಣ್ಣ.

ಕನ್ನಡದ ‘ಸಿಡಿ’ ಧಾತುವಾದರೋ ಮೊದಲಿನಿಂದಲೂ ಸದ್ದನ್ನೂ ರಭಸವನ್ನೂ ಕೂಡಿಕೊಂಡೇ ಬಂದಿದೆ. ಅದರಿಂದಲೇ ‘ಸಿಡಿಲು’. ಈ ಹೆಸರಿಟ್ಟವರನ್ನು ನಾವು ಮೆಚ್ಚಬೇಕು. ಮಿಂಚು ಹಾದುಹೋದ ಕಡೆ ಗಾಳಿಯು ಸೆಕೆಂಡಿನ ಲಕ್ಷದ ಕೆಲವು ಭಾಗಗಳಲ್ಲಿ 30,000 ಡಿಗ್ರಿಯಷ್ಟು ಕಾಯುತ್ತದೆ. ಹಾಗೆ ಕಾದ ಗಾಳಿಗೆ ಹಿಗ್ಗಲು ಸ್ಥಳ ಬೇಕು; ಸುತ್ತಲಿನ ತಣ್ಣನೆಯ ಗಾಳಿಗೆ ಅಷ್ಟು ಬೇಗ ಸರಿಯುವುದು ಸಾಧ್ಯವಿಲ್ಲ. ಆಗ ಉಂಟಾಗುವ ಒತ್ತಡದ ಅಲೆಯೇ ನಮಗೆ ಕೇಳುವ ಗುಡುಗು. ಏನೂ ಉರಿಯದೆಯೇ ಗಾಳಿಯೇ ಸಿಡಿಯುತ್ತದೆ. ಭೌತವಿಜ್ಞಾನದಲ್ಲಿ ಸ್ಫೋಟದ ಲಕ್ಷಣವೂ ಇಷ್ಟೇ: ಒಂದು ಚಿಕ್ಕ ಜಾಗದಲ್ಲಿ, ಸುತ್ತಣ ಗಾಳಿಗೆ ಸರಿದು ದಾರಿಕೊಡಲು ಬಿಡುವಿಲ್ಲದಷ್ಟು ಬೇಗನೆ, ಶಕ್ತಿಯು ಬಿಡುಗಡೆಯಾಗಬೇಕು. ಆ ಶಕ್ತಿ ಎಲ್ಲಿಂದ ಬಂದಿತು, ಎಷ್ಟು ವೇಗದಲ್ಲಿ ಬಂದಿತು ಎಂಬುದರ ಮೇಲೆ ಸ್ಫೋಟಗಳ ಜಾತಿ ಬೇರೆಯಾಗುತ್ತದೆ.

ಅತ್ಯಂತ ಸಾಧುವಾದ ಜಾತಿಯನ್ನು ನೋಡಲು ಬಾಣಲೆಯೊಂದೇ ಸಾಕು. ಜೋಳದ ಕಾಳಿನ ಗಟ್ಟಿ ಸಿಪ್ಪೆಯೊಳಗೆ ಸ್ವಲ್ಪ ನೀರಿನ ಅಂಶವಿರುತ್ತದೆ. ಕಾಳು ಕಾದಂತೆ ನೀರು ಉಗಿಯಾಗಲು ಹವಣಿಸುತ್ತದೆ, ಸಿಪ್ಪೆ ಬಿಡುವುದಿಲ್ಲ. ಇದೇ ರೀತಿ ಅರಳುವ ಮೆಕ್ಕೆಜೋಳದ ಕಾಳಿನಲ್ಲಿ ಉಷ್ಣತೆ ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ಒಳಗಿನ ಒತ್ತಡ ವಾಯುಮಂಡಲದ ಒತ್ತಡದ ಒಂಬತ್ತರಷ್ಟಾಗಿರುತ್ತದೆ ಎಂದು ಅಳೆದಿದ್ದಾರೆ. ಸಿಪ್ಪೆ ಸೋತ ಕ್ಷಣದಲ್ಲಿ ಉಗಿ ಹೊರಕ್ಕೆ ಹಾರಿ, ಕರಗಿದ ಪಿಷ್ಟವು ನೊರೆಯಂತೆ ಉಬ್ಬಿ, ಆರಿ, ಬಿಳಿಯ ಅಳ್ಳಾಗುತ್ತದೆ. ಟಾಯರು ಒಡೆಯುವುದು, ದಾರಿ ಕಟ್ಟಿಹೋದ ಕುಕ್ಕರು ಹಾರುವುದು, ಹಿಂದಿನ ಕಾಲದ ಉಗಿಯಂತ್ರಗಳ ಕೊಪ್ಪರಿಗೆ ಬಿರಿಯುತ್ತಿದ್ದುದು ಎಲ್ಲವೂ ಇದೇ ಬಗೆ. ಇವನ್ನು ‘ಒಡೆತ’ವೆಂದರೆ ಸಾಕು, ಅದಕ್ಕಿಂತ ದೊಡ್ಡ ಪದ ಬೇಕಾಗಿಲ್ಲ.

ಈ ಬಗೆಯ ಭಯಂಕರ ರೂಪವೊಂದು ಕೋಲಾರದ ಚಿನ್ನದ ಗಣಿಯಲ್ಲಿತ್ತು. ಅಲ್ಲಿಯ ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರನ್ನು ಮೀರಿತ್ತು. ಅಷ್ಟು ಕೆಳಗೆ ಬಂಡೆಯ ಮೇಲೆ ಬೀಳುವ ಹೊರೆ ಊಹೆಗೆ ಮೀರಿದುದು. ಅದಿರನ್ನು ತೆಗೆದು ಪೊಳ್ಳು ಮಾಡಿದೊಡನೆ, ಬಿಗಿದ ಬಿಲ್ಲಿನಂತೆ ಅದುಮಿಕೊಂಡಿದ್ದ ಬಂಡೆಯು ಮದ್ದಿನ ಸೋಂಕೂ ಇಲ್ಲದೆ ತಾನಾಗಿ ಸಿಡಿಯುತ್ತಿತ್ತು. ಇದಕ್ಕೆ ಎಷ್ಟೋ ಮಂದಿ ಗಣಿಕೆಲಸಗಾರರು ಬಲಿಯಾದರು. ನೆಲದ ಮೇಲಿನ ಮನೆಗಳೂ ನಡುಗುತ್ತಿದ್ದುವು. 2001ರಲ್ಲಿ ಗಣಿಗಳು ಮುಚ್ಚಿ ಸುರಂಗಗಳಲ್ಲಿ ನೀರು ತುಂಬಿದ ಬಳಿಕವೂ ಇಂಥ ಕಂಪನಗಳು ನಿಂತುಹೋಗಲಿಲ್ಲ. ಇದನ್ನು ‘ಶಿಲಾಸ್ಫೋಟ’ ಎನ್ನುವುದುಂಟು. ‘ಬಂಡೆಯೊಡೆತ’ ಎಂದಿದ್ದರೆ ಮದ್ದನ್ನು ಯಾರು ಇಟ್ಟರು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ಇನ್ನು ಮದ್ದಿನ ವಿಚಾರ. ಕಾಯಿಲೆ ಕಳೆಯುವ ಔಷಧಕ್ಕೂ ಕೋಟೆ ಕೆಡಹುವ ಪುಡಿಗೂ ಕನ್ನಡದಲ್ಲಿ ಒಂದೇ ಹೆಸರು. ಔಷಧದಂತೆ ಅರೆದು, ತೂಗಿ, ಬೆರೆಸಿ ಮಾಡುವುದರಿಂದ ಈ ಹೆಸರು ಒಪ್ಪುತ್ತದೆಂದು ನಮಗೆ ತೋರುತ್ತದೆ. ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರರ ಮಿಶ್ರಣ ಅದು. ಅದರಲ್ಲಿ ಪೆಟ್ಲುಪ್ಪಿನ ಪಾಲೇ ಮುಕ್ಕಾಲು. ಶ್ರೀರಂಗಪಟ್ಟಣದಲ್ಲಿ ಇಂಥ ಮದ್ದನ್ನು ಕೂಡಿಡುತ್ತಿದ್ದ, ಅರ್ಧ ನೆಲದೊಳಗೆ ಹುದುಗಿದ ‘ಮದ್ದಿನ ಮನೆ’ಗಳು ಇಂದಿಗೂ ಇವೆ. ರೈಲುದಾರಿಯನ್ನು ಜೋಡಿಮಾರ್ಗ ಮಾಡುವಾಗ ಅಡ್ಡ ಬಂದ ಒಂದನ್ನು 2017ರಲ್ಲಿ ಒಡೆಯದೆ, ಇಡಿಯಾಗಿಯೇ ಎತ್ತಿ ಬೇರೆಡೆಗೆ ಸರಿಸಿದರು. 1799ರ ಮೇ 2ರಂದು ಇಂಗ್ಲಿಷರ ಗುಂಡೊಂದು ಟಿಪ್ಪುವಿನ ಕೋಟೆಯೊಳಗಿನ ರಾಕೆಟ್ಟುಗಳ ಉಗ್ರಾಣಕ್ಕೆ ಬಿದ್ದು ಅದು ಹೊತ್ತಿಹೋಯಿತು. ಎರಡು ದಿನಗಳಲ್ಲಿ ಕೋಟೆಯೂ ಬಿದ್ದಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಳಿಯ ಹಾಳುಬಾವಿಯೊಂದರಿಂದ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳನ್ನು ಅಗೆದು ತೆಗೆದಾಗ, ಅವುಗಳ ಹೊಟ್ಟೆಯಲ್ಲಿ ಮದ್ದು ಇನ್ನೂ ಉಳಿದಿತ್ತು.

ವಿಜಯಪುರದಲ್ಲಿ ಸಂಕ್ರಾಂತಿಯ ಕಾಲಕ್ಕೆ ನಡೆಯುವ ಸಿದ್ಧೇಶ್ವರ ಜಾತ್ರೆಯಲ್ಲಿ ಬಾಣಬಿರುಸುಗಳ ರಾತ್ರಿಗೆ ‘ಮದ್ದು ಸುಡುವುದು’ ಎಂದೇ ಹೆಸರು. ಕರಪತ್ರಗಳಲ್ಲಿಯೂ ಹಾಗೆಯೇ ಅಚ್ಚಾಗುತ್ತದೆ. ಉತ್ತರ ಕರ್ನಾಟಕದ ಬೇರೆ ಜಾತ್ರೆಗಳಲ್ಲಿಯೂ ಈ ಮಾತು ಸಾಮಾನ್ಯ. ಪೇಟೆಯವರಿಗೆ ಇದು ಒರಟಾಗಿ ಕೇಳಬಹುದು. ನಮಗಾದರೆ, ಭೌತವಿಜ್ಞಾನದ ದೃಷ್ಟಿಯಿಂದ ಇದಕ್ಕಿಂತ ಸರಿಯಾದ ಮಾತು ಇನ್ನೊಂದಿಲ್ಲವೆನಿಸುತ್ತದೆ. ಏಕೆಂದರೆ ಕರಿಮದ್ದು ನಿಜವಾಗಿಯೂ ಸುಡುವ ವಸ್ತು. ಒಂದು ಹರಳಿಗೆ ಬೆಂಕಿ ಹತ್ತಿ, ಅದರ ಝಳ ಪಕ್ಕದ ಹರಳಿಗೆ ತಗುಲಿ, ಅದು ಹೊತ್ತಿ, ಹೀಗೆ ಉರಿಯು ನೆರೆಯಿಂದ ನೆರೆಗೆ ದಾಟುತ್ತ ಹೋಗುತ್ತದೆ. ಬಣವೆ ಉರಿಯುವುದಕ್ಕೂ ಇದಕ್ಕೂ ಇರುವ ಭೇದವೆಂದರೆ, ಬಣವೆಯು ಆಮ್ಲಜನಕಕ್ಕಾಗಿ ಗಾಳಿಯನ್ನು ಕಾಯಬೇಕು. ಮದ್ದಿಗೆ ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ಒಳಗಿನಿಂದಲೇ ಒದಗಿಸುತ್ತದೆ. ಬಯಲಲ್ಲಿ ಸುರಿದ ಮದ್ದು ಬುಸ್ಸೆಂದು ಉರಿದು ಹೊಗೆಯಾಗುತ್ತದೆ. ಅದೇ ಮದ್ದನ್ನು ಕಾಗದದ ಸುರುಳಿಯಲ್ಲಿ ಬಿಗಿದು ಕಟ್ಟಿದರೆ ಅನಿಲಕ್ಕೆ ಹೊರದಾರಿಯಿಲ್ಲದೆ ಒತ್ತಡವೇರಿ ಸುರುಳಿ ಢಂ ಎಂದು ಒಡೆಯುತ್ತದೆ. ಎಂದರೆ ಪಟಾಕಿಯಲ್ಲಿ ಮದ್ದು ಸುಡುತ್ತದೆ, ಕಾಗದ ಒಡೆಯುತ್ತದೆ.

ಹಾಗಾದರೆ ಮದ್ದುಗಳೆಲ್ಲ ಸುಡುವುವೇ ಎಂದು ಕೇಳಿದರೆ, ಅಲ್ಲ. ಇಲ್ಲಿಯೇ ದೊಡ್ಡ ಕಂದಕವಿರುವುದು.

ಅದನ್ನು ತೋರಿಸಲು ತರಗತಿಯಲ್ಲಿ ನಾವು ಒಂದು ಲೆಕ್ಕವನ್ನು ಹೇಳುವುದುಂಟು. ಟಿಎನ್‌ಟಿ ಎಂಬ ಹೆಸರಾಂತ ಸಿಡಿಮದ್ದಿನ ಒಂದು ಗ್ರಾಂ ಸಿಡಿದಾಗ ಬಿಡುಗಡೆಯಾಗುವ ಶಕ್ತಿಯನ್ನು ಒಂದು ಸಾವಿರ ಕ್ಯಾಲೊರಿ ಎಂದು ಲೆಕ್ಕ ಹಿಡಿಯುವುದು ರೂಢಿ. ಒಂದು ಗ್ರಾಂ ಶೇಂಗಾಕಾಳು ಉರಿದರೆ ಐದು ಸಾವಿರ ಕ್ಯಾಲೊರಿಗೂ ಮಿಗಿಲು! ಪುರ್ತಗೇರಿಯ ಸೀಮೆಯ ಹುಡುಗನು ಜೇಬಿನಲ್ಲಿ ತುಂಬಿಕೊಂಡು ತಿನ್ನುತ್ತ ಹೋಗುವ ಶೇಂಗಾದಲ್ಲಿ ಅಷ್ಟೇ ತೂಕದ ಟಿಎನ್‌ಟಿಗಿಂತ ಐದು ಪಾಲು ಹೆಚ್ಚು ಶಕ್ತಿಯಿದೆ. ಅವನಿಗೆ ಏನೂ ಆಗುವುದಿಲ್ಲ. ಆ ಶಕ್ತಿಯು ಹೊರಬೀಳಲು ಹಲವು ಗಂಟೆಗಳು ಬೇಕು. ಸಿಡಿಮದ್ದಿನ ಮಹಿಮೆ ಶಕ್ತಿಯ ಮೊತ್ತದಲ್ಲಿಲ್ಲ, ಅವಸರದಲ್ಲಿದೆ. ಗೇಣುದ್ದದ ಟಿಎನ್‌ಟಿಯ ತುಂಡೊಂದರ ಒಂದು ತುದಿಯಲ್ಲಿ ಮೊದಲಾದ ಸಿಡಿತವು ಇನ್ನೊಂದು ತುದಿಯನ್ನು ಮುಟ್ಟಲು ಹಿಡಿಯುವ ಕಾಲ ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು ಮೂವತ್ತು ಪಾಲು ಅಷ್ಟೆ.

ಈ ಅವಸರ ಬೆಂಕಿಯಿಂದ ಬರುವುದಿಲ್ಲ. ಬೆಂಕಿಯ ಝಳವು ನೆರೆಯ ಕಣವನ್ನು ಕಾಯಿಸಲು ಹೊತ್ತು ಬೇಕು. ಇಲ್ಲಿ ಕಣಗಳನ್ನು ಎಬ್ಬಿಸುವುದು ಪೆಟ್ಟು. ಒಂದು ಪದರ ಸಿಡಿದು ಮುಂದಿನ ಪದರವನ್ನು ಎಷ್ಟು ಬಲವಾಗಿ ಅದುಮುತ್ತದೆಂದರೆ, ಅದುಮಿದ ಮಾತ್ರಕ್ಕೇ ಅದು ಕಾದು ಸಿಡಿಯುತ್ತದೆ. ಅದು ಮುಂದಿನದನ್ನು ಅದುಮುತ್ತದೆ. ಹೀಗೆ ಶಬ್ದಕ್ಕಿಂತಲೂ ವೇಗವಾಗಿ ಓಡುವ ಒತ್ತಡದ ಗೋಡೆಗೆ ಆಘಾತತರಂಗವೆಂದು ಹೆಸರು. ಟಿಎನ್‌ಟಿಯಲ್ಲಿ ಇದರ ವೇಗ ಸೆಕೆಂಡಿಗೆ ಏಳು ಕಿಲೋಮೀಟರಿನ ಸಮೀಪ. ಕಲ್ಲುಗಣಿಗಳಲ್ಲಿ ಬಳಸುವ ಮದ್ದುಗಳಲ್ಲಿ ಮೂರರಿಂದ ಆರು ಕಿಲೋಮೀಟರ್. ಇಂಥ ಮದ್ದುಗಳಲ್ಲಿ ಹೆಚ್ಚಿನವಕ್ಕೆ ಬರಿಯ ಬೆಂಕಿ ಸಾಲದು. ಮೊದಲ ಪೆಟ್ಟನ್ನು ಕೊಡಲು ಒಂದು ಕೇಪು ಬೇಕು. ಸ್ವೀಡನ್ನಿನ ಆಲ್‌ಫ್ರೆಡ್ ನೊಬೆಲ್ 1860ರ ದಶಕದಲ್ಲಿ ಮಾಡಿದ ಮುಖ್ಯ ಕೆಲಸಗಳಲ್ಲಿ ಡೈನಮೈಟಿನಷ್ಟೇ ದೊಡ್ಡದು ಈ ಕೇಪು. ಅನಿಲಗಳಲ್ಲಿಯೂ ಇಂಥ ಸಿಡಿತದ ಅಲೆ ಓಡಬಲ್ಲದೆಂದು 1881ರಲ್ಲಿ ಫ್ರಾನ್ಸಿನ ಬರ್ತಲೊ ಮತ್ತು ವಿಯೇಲ್, ಹಾಗೂ ಪ್ರತ್ಯೇಕವಾಗಿ ಮಲಾರ್ ಮತ್ತು ಲ ಶಾತೆಲಿಯೆ, ಉದ್ದನೆಯ ಕೊಳವೆಗಳಲ್ಲಿ ಪ್ರಯೋಗ ಮಾಡಿ ತೋರಿಸಿದರು. ಸುಡುವ ಮದ್ದಿಗೂ ಸಿಡಿಯುವ ಮದ್ದಿಗೂ ಇರುವ ಈ ಅಂತರ ಕಲ್ಲು ಒಡೆಯುವವರಿಗೆ ಪುಸ್ತಕವಿಲ್ಲದೆಯೇ ಗೊತ್ತು. ಕಂಬಕ್ಕೋ ಹಾಸುಗಲ್ಲಿಗೋ ಇಡಿಯ ಬಂಡೆ ಬೇಕಾದರೆ ಕರಿಮದ್ದೇ ಲೇಸು. ಅದು ಬಂಡೆಯನ್ನು ಮೆಲ್ಲನೆ ನೂಕಿ ಎಬ್ಬಿಸುತ್ತದೆ. ಜಲ್ಲಿಕಲ್ಲು ಬೇಕಾದರೆ ಸಿಡಿಯುವ ಮದ್ದು. ಅದು ಬಂಡೆಯನ್ನು ನುಚ್ಚುನೂರು ಮಾಡುತ್ತದೆ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಕಲ್ಲುಗಣಿಗೆಂದು ತಂದಿದ್ದ ಮದ್ದು ವಾಹನದಲ್ಲಿಯೇ ಸಿಡಿದು ಹಲವರು ಪ್ರಾಣ ಕಳೆದುಕೊಂಡರು. ಶಿವಮೊಗ್ಗದಲ್ಲಿ ಮಾತ್ರವಲ್ಲದೆ ನೆರೆಯ ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳಲ್ಲಿಯೂ ಮನೆಗಳು ಅದುರಿದುವು. ಭೂಕಂಪವಾಯಿತೆಂದು ಜನರು ಬೀದಿಗೆ ಓಡಿ ಬಂದರು. ಒಂದೇ ತಿಂಗಳ ಅಂತರದಲ್ಲಿ, ಫೆಬ್ರುವರಿ 23ರಂದು, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಸತ್ತರು. ಜಾತ್ರೆಯ ಮದ್ದನ್ನು ಕಂಡು ಬೆಳೆದವರಿಗೆ ಬೆಂಕಿಯನ್ನು ದೂರವಿಟ್ಟರೆ ಸಾಕೆಂಬ ನಂಬಿಕೆ ಇರುವುದು ಸಹಜ. ಪೆಟ್ಟಿನಿಂದ ಎಚ್ಚರಗೊಳ್ಳುವ ಮದ್ದಿನ ಜಾತಿಗೆ ಆ ಎಚ್ಚರಿಕೆಯೊಂದೇ ಸಾಲದು. ಕೇಪನ್ನೂ ಮದ್ದನ್ನೂ ಒಂದೇ ಕಡೆ ಇಡಬಾರದೆಂಬ ಕಟ್ಟಳೆಯ ಮರ್ಮ ಇದೇ. ಎರಡನ್ನೂ ‘ಸ್ಫೋಟಕ’ವೆಂದು ಕರೆದುಬಿಟ್ಟರೆ ಈ ಮರ್ಮ ಮರೆಯಾಗುತ್ತದೆ.

ಭೂಕಂಪವೋ ಮದ್ದೋ ಎಂಬ ಗೊಂದಲಕ್ಕೆ ನಮ್ಮ ಕಾಲೂ ಕಿವಿಯೂ ಸೇರಿ ಸ್ವಲ್ಪ ಮಟ್ಟಿಗೆ ಉತ್ತರ ಹೇಳಬಲ್ಲವು. ಬೇಸಿಗೆಯ ರಾತ್ರಿ ಪುರ್ತಗೇರಿಯಲ್ಲಿ ಒಬ್ಬನು ಮಾಳಿಗೆಯ ಮೇಲೆ ಮಲಗಿದ್ದಾನೆಂದೂ, ಅಲ್ಲಿಂದ 3.4 ಕಿಲೋಮೀಟರ್ ದೂರದಲ್ಲಿ ಯಾರೋ ಬಂಡೆ ಹಾರಿಸಿದರೆಂದೂ ಇಟ್ಟುಕೊಳ್ಳೋಣ. ಗಟ್ಟಿ ಬಂಡೆಯಲ್ಲಿ ಕಂಪನದ ವೇಗ ಸೆಕೆಂಡಿಗೆ ಮೂರು ನಾಲ್ಕು ಕಿಲೋಮೀಟರ್. ಗಾಳಿಯಲ್ಲಿ ಶಬ್ದದ ವೇಗ 340 ಮೀಟರ್. ಆದುದರಿಂದ ಮಾಳಿಗೆಯ ನಡುಕ ಸುಮಾರು ಒಂದು ಸೆಕೆಂಡಿಗೆ ಬರುತ್ತದೆ, ಢಂ ಎಂಬ ಸದ್ದು ಹತ್ತು ಸೆಕೆಂಡಿಗೆ. ನಡುವಿನ ಒಂಬತ್ತು ಸೆಕೆಂಡುಗಳನ್ನು ಎಣಿಸಬಲ್ಲವನು ದೂರವನ್ನೂ ಲೆಕ್ಕ ಹಾಕಬಲ್ಲನು. ಮೊದಲು ನಡುಕ, ತಡೆದು ಒಂದೇ ಬಲವಾದ ಸದ್ದು ಎಂದರೆ ನೆಲದ ಮೇಲೆ ಎಲ್ಲಿಯೋ ಏನೋ ಸಿಡಿದಿದೆ ಎಂದು ಊಹಿಸಬಹುದು. ಇಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಗಣಿಯ ನೆರೆಯ ಊರಿನವರು ಸದ್ದಿನ ಮೇಲೆ ದೂರು ಹೇಳುತ್ತಾರೆ; ಗೋಡೆ ಬಿರುಕು ಬಿಡುವುದು ಬಹುಮಟ್ಟಿಗೆ ನೆಲದ ನಡುಕದಿಂದ. ಗಣಿಸುರಕ್ಷತೆಯ ಮಹಾನಿರ್ದೇಶನಾಲಯವು 1997ರಲ್ಲಿ ಹೊರಡಿಸಿದ ಸುತ್ತೋಲೆಯು, ಗಣಿಯವರಿಗೆ ಸೇರದ ವಾಸದ ಮನೆಗಳ ಬಳಿ ನೆಲದ ಕಣಗಳು ನಡುಗುವ ವೇಗ ಸೆಕೆಂಡಿಗೆ 5ರಿಂದ 15 ಮಿಲಿಮೀಟರಿನ ಮಿತಿಯಲ್ಲಿರಬೇಕೆಂದು ವಿಧಿಸಿದೆ. ನಡುಕ ನಿಧಾನವಾಗಿದ್ದಷ್ಟೂ ಮಿತಿ ಬಿಗಿ. ದೂರು ಕೊಡುವವರು ‘ಭಾರಿ ಸ್ಫೋಟದ ಸದ್ದು’ ಎಂದು ಬರೆಯುವ ಬದಲು ನಡುಕವನ್ನು ಅಳೆಯಿರಿ ಎಂದು ಕೇಳಿದರೆ ಅಧಿಕಾರಿಗಳಿಗೆ ನುಣುಚಿಕೊಳ್ಳುವುದು ಕಷ್ಟ.

ನಡುಕವಿಲ್ಲದೆ ಸದ್ದು ಮಾತ್ರ ಬಂದರೆ? 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಬಹುಭಾಗಕ್ಕೆ ಇಂಥ ಸದ್ದು ಕೇಳಿಸಿ ಕಿಟಕಿಗಳು ಅಲುಗಿದುವು. ಎಲ್ಲರ ಬಾಯಲ್ಲಿಯೂ ಸ್ಫೋಟವೆಂಬ ಮಾತೇ. ಭೂಕಂಪಮಾಪಕಗಳಲ್ಲಿ ಭೂಕಂಪದ ಗುರುತಿರಲಿಲ್ಲ. ವಾಯುಪಡೆಯ ಪರೀಕ್ಷಾವಿಮಾನವೊಂದು ಶಬ್ದಕ್ಕಿಂತ ವೇಗವಾಗಿ ಹಾರಿ, 36,000ದಿಂದ 40,000 ಅಡಿಗಳ ಎತ್ತರದಲ್ಲಿ ವೇಗವನ್ನು ತಗ್ಗಿಸುತ್ತಿದ್ದಾಗ ಎದ್ದ ಸದ್ದು ಅದಾಗಿರಬಹುದೆಂದು ರಕ್ಷಣಾ ಇಲಾಖೆ ಅದೇ ದಿನ ತಿಳಿಸಿತು. ಕೆರೆಯಲ್ಲಿ ವೇಗವಾಗಿ ಸಾಗುವ ದೋಣಿಯ ಮೂತಿಯಿಂದ ಎರಡು ಕಡೆಗೂ ಅಲೆಯ ಸಾಲು ಹರಡಿ ದಡಕ್ಕೆ ಬಡಿಯುವುದನ್ನು ವಾಚಕರು ಕಂಡಿರಬಹುದು. ದಡದಲ್ಲಿ ನಿಂತವನ ಕಾಲಿಗೆ ಅಲೆ ಬಡಿದ ಮಾತ್ರಕ್ಕೆ ದೋಣಿ ಒಡೆಯಿತೆಂದು ಯಾರೂ ಹೇಳುವುದಿಲ್ಲವಷ್ಟೆ. ಆಕಾಶದಲ್ಲಿಯೂ ಹಾಗೆಯೇ. ಏನೂ ಒಡೆಯಲಿಲ್ಲ, ಏನೂ ಉರಿಯಲಿಲ್ಲ. ಆಘಾತತರಂಗದ ಅಂಚು ಊರಿನ ಮೇಲೆ ಹಾದುಹೋಯಿತು.

ಪತ್ರಿಕೆಯ ಉಳಿದ ‘ಸ್ಫೋಟ’ಗಳನ್ನು ಬೇಗ ಮುಗಿಸಬಹುದು. ಇಪ್ಪತ್ತು ಮೂವತ್ತು ಚದರ ಕಿಲೋಮೀಟರಿನಷ್ಟು ಚಿಕ್ಕ ಪ್ರದೇಶದಲ್ಲಿ ಒಂದು ಗಂಟೆಯೊಳಗೆ ನೂರು ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ ಅದು ಮೇಘಸ್ಫೋಟ. ಅಲ್ಲಿ ಮೋಡವೇನೂ ಚೀಲದಂತೆ ಹರಿಯುವುದಿಲ್ಲ. ಮಹಾಸ್ಫೋಟವೆಂಬ ಹೆಸರಿನ ಇಂಗ್ಲಿಷ್ ಮೂಲವನ್ನು 1949ರಲ್ಲಿ ರೇಡಿಯೋ ಭಾಷಣವೊಂದರಲ್ಲಿ ಚಲಾವಣೆಗೆ ತಂದವನು ಆ ಸಿದ್ಧಾಂತವನ್ನು ಒಪ್ಪದಿದ್ದ ಫ್ರೆಡ್ ಹಾಯ್ಲ್. ಖಾಲಿ ಜಾಗದ ನಡುವೆ ಸಿಡಿದ ಪಟಾಕಿಯಂತೆ ಅದನ್ನು ಕಲ್ಪಿಸಿಕೊಂಡ ವಿದ್ಯಾರ್ಥಿಯನ್ನು ಆ ಕಲ್ಪನೆಯಿಂದ ಬಿಡಿಸಲು ನಮಗೆ ವರ್ಷಕ್ಕೆ ಎರಡು ಪಾಠವಾದರೂ ಬೇಕು. ಅಲ್ಲಿ ಹಿಗ್ಗಿದ್ದು ಜಾಗವೇ. 1974ರ ಮೇ 18ರಂದು ಪೋಖರಣದಲ್ಲಿ ನಡೆದ ಪರೀಕ್ಷೆಯ ತಂಡಕ್ಕೆ ಮುಖ್ಯಸ್ಥರಾಗಿದ್ದ ರಾಜಾ ರಾಮಣ್ಣನವರು ಕನ್ನಡ ನಾಡಿನವರು. ಆ ಪರೀಕ್ಷೆಯನ್ನು ಸರ್ಕಾರವು ಶಾಂತಿಯುತ ಸ್ಫೋಟವೆಂದು ಕರೆಯಿತು. ಈ ಪದಕ್ಕೆ ಬಂದ ವಿಶೇಷಣಗಳಲ್ಲಿ ಇದಕ್ಕಿಂತ ವಿಚಿತ್ರವಾದುದು ಬೇರೊಂದಿರಲಾರದು.

ಇನ್ನು ಉಳಿದುದು ಅಡುಗೆಮನೆ. ನಾವು ಈ ಲೇಖನವನ್ನು ಬರೆಯಲು ಹೊರಟಿದ್ದೇ ಇದಕ್ಕಾಗಿ.

‘ಸಿಲಿಂಡರ್ ಸ್ಫೋಟ, ಮನೆ ಕುಸಿತ’ ಎಂಬ ತಲೆಬರೆಹವನ್ನು ಓದಿದವರ ಕಣ್ಣಮುಂದೆ ಕೆಂಪು ಬಣ್ಣದ ಉಕ್ಕಿನ ಪಾತ್ರೆಯೇ ಬಾಂಬಿನಂತೆ ಸಿಡಿದ ಚಿತ್ರ ನಿಲ್ಲುತ್ತದೆ. ಹೊರಗಿನ ಬೆಂಕಿಗೆ ಸಿಕ್ಕಿ ಬಹಳ ಹೊತ್ತು ಕಾದ ಸಿಲಿಂಡರು ಒಳಗಿನ ದ್ರವ ಕುದಿದು, ಉಕ್ಕು ಮೆತ್ತಗಾಗಿ, ಅಳ್ಳಿನ ಕಾಳಿನಂತೆ ಒಡೆಯುವುದು ಉಂಟು, ನಿಜ. ಬಹುಪಾಲು ಪ್ರಸಂಗಗಳಲ್ಲಿ ನಡೆಯುವುದು ಅದಲ್ಲ. ಅನಿಲವು ಕೊಳವೆಯಿಂದಲೋ ಆರಿಸದೆ ಬಿಟ್ಟ ಒಲೆಯಿಂದಲೋ ಸೋರಿ ಕೋಣೆಯಲ್ಲಿ ತುಂಬಿರುತ್ತದೆ; ಒಂದು ಕಿಡಿಗೆ ಕೋಣೆಯೇ ಹೊತ್ತಿಕೊಳ್ಳುತ್ತದೆ. ಗೋಡೆ ಬಿದ್ದ ಮನೆಯಲ್ಲಿ ಸಿಲಿಂಡರು ಮಸಿ ಹಿಡಿದು ಇಡಿಯಾಗಿಯೇ ನಿಂತಿರುವುದು ಇದೇ ಕಾರಣದಿಂದ.

ಲೆಕ್ಕವನ್ನೇ ನೋಡೋಣ. ಗಾಳಿಯಲ್ಲಿ ಅಡುಗೆ ಅನಿಲದ ಪಾಲು ನೂರಕ್ಕೆ ಎರಡಕ್ಕಿಂತ ತುಸು ಕಡಿಮೆಯಿಂದ ಹಿಡಿದು ಒಂಬತ್ತರವರೆಗೆ ಇದ್ದರೆ ಅದು ಹೊತ್ತಿಕೊಳ್ಳುತ್ತದೆ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯನ್ನು ಆ ಮಟ್ಟಕ್ಕೆ ತರಲು ಸುಮಾರು ಒಂದೂವರೆ ಕಿಲೋಗ್ರಾಂ ಅನಿಲ ಸಾಕು. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಇರುತ್ತದೆ. ಎಂದರೆ ಹತ್ತರಲ್ಲೊಂದು ಪಾಲು ಸೋರಿದರೆ ಇಡಿಯ ಕೋಣೆಯೇ ಮದ್ದು ತುಂಬಿದ ಕಾಗದದ ಸುರುಳಿಯಂತಾಗುತ್ತದೆ. ಅನಿಲವು ಗಾಳಿಗಿಂತ ಒಂದೂವರೆಯಿಂದ ಎರಡರಷ್ಟು ಭಾರವಾದುದರಿಂದ ನೆಲದ ಮೇಲೆ ನೀರಿನಂತೆ ಹರಡಿ ನಿಲ್ಲುತ್ತದೆ. ಆಗ ಇನ್ನೂ ಕಡಿಮೆ ಸೋರಿಕೆಯೇ ಅಪಾಯಕ್ಕೆ ಸಾಕು. ಹೊತ್ತಿಕೊಂಡ ಅನಿಲದ ಉರಿಯು ಮೊದಲಿಗೆ ಸೆಕೆಂಡಿಗೆ ಅರ್ಧ ಮೀಟರಿಗಿಂತಲೂ ನಿಧಾನವಾಗಿ ಗಾಳಿಯನ್ನು ತಿನ್ನುತ್ತ ಸಾಗುತ್ತದೆ. ಕಪಾಟು, ಮೇಜು, ಬಾಗಿಲ ಕಂಡಿಗಳನ್ನು ದಾಟುವಾಗ ಸುಳಿಗಳೆದ್ದು ಅದರ ವೇಗ ಹತ್ತಾರು ಮಡಿ ಏರುತ್ತದೆ. ಆದರೂ ಅದು ಸುಡುವ ಜಾತಿಯೇ ಹೊರತು ಸಿಡಿಯುವ ಜಾತಿಯಲ್ಲ. ಬಯಲಲ್ಲಾಗಿದ್ದರೆ ಭಗ್ಗೆಂದು ಮುಗಿಯಬಹುದಾಗಿದ್ದ ಉರಿ, ನಾಲ್ಕು ಗೋಡೆಗಳ ನಡುವೆ ಒತ್ತಡವಾಗುತ್ತದೆ. ಆ ಒತ್ತಡ ವಾಯುಮಂಡಲದ ಹತ್ತರಲ್ಲೊಂದು ಪಾಲು ಏರಿದರೂ ಮೂರು ಮೀಟರ್ ಚದರದ ಗೋಡೆಯ ಮೇಲೆ ಬೀಳುವ ನೂಕು ಒಂಬತ್ತು ಟನ್! ಸಾಧಾರಣ ಇಟ್ಟಿಗೆಯ ಗೋಡೆ ಇದನ್ನು ತಾಳದು.

ನಮ್ಮ ಪತ್ರಿಕೆಗಳು ಇದನ್ನು ‘ಅನಿಲದ ಭುಗಿಲು’ ಎಂದು ಬರೆದರೆ ಒಳ್ಳೆಯದು. ಭುಗಿಲೇಳುವುದು ಕನ್ನಡಿಗರಿಗೆ ಹೊಸ ಮಾತಲ್ಲ. ಒಡೆಯುವುದಕ್ಕೆ ಒಡೆತ, ಶಬ್ದವನ್ನು ಮೀರಿ ಓಡುವುದಕ್ಕೆ ಸಿಡಿತ, ಉರಿ ಹಬ್ಬುವುದಕ್ಕೆ ಭುಗಿಲು ಎಂದಿಟ್ಟುಕೊಂಡು, ‘ಸ್ಫೋಟ’ವನ್ನು ಇವೆಲ್ಲಕ್ಕೂ ಸಮಾನವಾದ ಜಾತಿವಾಚಕವಾಗಿ ಉಳಿಸಿಕೊಂಡರೆ ಪಠ್ಯಪುಸ್ತಕಕ್ಕೂ ತೊಡಕಿಲ್ಲ. ಸಿಲಿಂಡರೇ ಶತ್ರುವೆಂದು ನಂಬಿದ ಗೃಹಸ್ಥನು ಅದನ್ನು ಮೂಲೆಗೆ ಸರಿಸಿ, ಬಾಗಿಲು ಹಾಕಿ, ಧೈರ್ಯವಾಗಿ ನಿದ್ದೆ ಹೋಗುತ್ತಾನೆ. ಬೆಳಗಿನ ಜಾವ ಎದ್ದು ವಾಸನೆ ಬರುತ್ತಿದೆಯಲ್ಲ ಎಂದು ದೀಪದ ಗುಂಡಿ ಒತ್ತುತ್ತಾನೆ. ಆ ಗುಂಡಿಯೊಳಗೆ ಕಣ್ಣಿಗೆ ಕಾಣದ ಒಂದು ಕಿಡಿ ಹಾರುತ್ತದೆ. ಉರಿಯುತ್ತಿರುವ ದೀಪವನ್ನು ಆರಿಸಿದರೂ ಹಾರುತ್ತದೆ. ತಂಪುಪೆಟ್ಟಿಗೆಯು ಯಾರೂ ಮುಟ್ಟದಿದ್ದರೂ ತಾನಾಗಿ ಚಾಲೂ ಆಗುವಾಗಲೂ ಹಾರಬಹುದು. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಕೊಳೆತ ಎಲೆಕೋಸಿನಂಥ ಆ ನಾತವನ್ನು, ಸೋರಿಕೆ ಮೂಗಿಗೆ ತಿಳಿಯಲೆಂದೇ ಬೆರೆಸಿರುತ್ತಾರೆ. ಆ ನಾತ ಬಂದಾಗ ಯಾವ ಗುಂಡಿಯನ್ನೂ ಒತ್ತದೆ, ಆರಿಸದೆ, ಕಿಟಕಿ ಬಾಗಿಲುಗಳನ್ನು ತೆರೆದು, ಕೈಗೆಟುಕುವಂತಿದ್ದರೆ ರೆಗ್ಯುಲೇಟರನ್ನು ಮುಚ್ಚಿ, ಮನೆಯವರನ್ನೆಲ್ಲ ಹೊರಗೆ ಕರೆತರಬೇಕು. ಅನಿಲ ಸೋರಿಕೆಗೆಂದೇ ದೇಶಕ್ಕೆಲ್ಲ ಒಂದೇ ದೂರವಾಣಿ ಸಂಖ್ಯೆಯಿದೆ, 1906. ಅದಕ್ಕೆ ಕರೆ ಮಾಡುವುದು ಅಂಗಳ ದಾಟಿ ಬೀದಿಗೆ ಬಂದ ಮೇಲೆ.